ಕ್ಯಾಮೆರಾ ಮುಟ್ಟುವ ಮೊದಲು ಇದನ್ನು ಓದಿಕೊಂಡು ಬನ್ನಿ

ವಿಡಿಯೋ ಚಿತ್ರ ಮಾಡುವುದನ್ನು ಕಲಿಸುವ ನನ್ನ ತರಗತಿಗೆ ಹೊಸ ಬ್ಯಾಚ್ ಶುರುವಾಗುತ್ತಿದೆ. ಮೊದಲ ದಿನ ಒಂದು ಹಾಳೆಯಲ್ಲಿ ನಿಯಮಗಳನ್ನು ಪ್ರಿಂಟ್ ಮಾಡಿ ಹಂಚುವುದು ನನ್ನ ರೂಢಿ. ಆ ಹಾಳೆಯನ್ನು ಯಾರೂ ಓದುವುದಿಲ್ಲ ಅನ್ನುವುದೂ ನನಗೆ ಗೊತ್ತು. ಎರಡನೇ ವಾರಕ್ಕೆ ಅದು ನಾಲ್ಕು ಮಡಿಕೆಯಾಗಿ ಟ್ರೈಪಾಡ್ ಬ್ಯಾಗಿನ ತಳದಲ್ಲಿ ಸಿಗುತ್ತದೆ. ಹಾಗಾಗಿ ಈ ಸಲ ನಿಯಮದ ಜೊತೆ ಕಾರಣವನ್ನೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ಕಾರಣ ಗೊತ್ತಾದರೆ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಮೊದಲು ಮಾರ್ಕ್ಸ್ ವಿಷಯ ಮುಗಿಸಿಬಿಡೋಣ. ಎಲ್ಲರಿಗೂ ಬೇಕಾದ್ದು ಅದೇ ಅಲ್ವಾ. ಕೆಟ್ಟ ಶಾಟ್‌ಗೆ ನಾನು ಮಾರ್ಕ್ಸ್ ಕಳೆಯುವುದಿಲ್ಲ. ಫೋಕಸ್ ತಪ್ಪಿತಾ, ಫ್ರೇಮ್ ಓರೆಯಾಯಿತಾ, ಕಥೆ ಅರ್ಧ ದಾರಿಯಲ್ಲಿ ನಿಂತುಹೋಯಿತಾ, ಪರವಾಗಿಲ್ಲ. ಅದನ್ನು ಕಲಿಯಲಿಕ್ಕೇ ಬಂದಿದ್ದೀರಿ. ಆದರೆ ಇನ್ನೊಬ್ಬರ ಕೆಲಸ ಕೆಡಿಸಿದರೆ ಕಳೆಯುತ್ತೇನೆ, ಅದೂ ಧಾರಾಳವಾಗಿ. ಖಾಲಿ ಬ್ಯಾಟರಿಯನ್ನು ಸುಮ್ನೆ ಬ್ಯಾಗಿಗೆ ಹಾಕಿ ವಾಪಸ್ ಕೊಟ್ಟವರು, ಮೆಮೊರಿ ಕಾರ್ಡಿನಲ್ಲಿ ಬೇರೆ ಗುಂಪಿನ ಫುಟೇಜ್ (ಶೂಟ್ ಮಾಡಿದ ವಿಡಿಯೋ) ಇದೆಯಾ ಅಂತ ನೋಡದೆ ಫಾರ್ಮ್ಯಾಟ್ ಮಾಡಿ ಅಳಿಸಿದವರು, ಎಂಟು ಜನ ಕಾಯುತ್ತಿರುವಾಗ ಅರ್ಧ ಗಂಟೆ ತಡವಾಗಿ ಬಂದು ‘ಟ್ರಾಫಿಕ್’ ಅನ್ನುವವರು, ಇವರೆಲ್ಲ ಆ ಪಟ್ಟಿಯಲ್ಲಿ ಬರುತ್ತಾರೆ. ಕೆಳಗೆ ಇರುವ ಹೆಚ್ಚುಕಮ್ಮಿ ಎಲ್ಲ ನಿಯಮಗಳೂ ಇದರಿಂದಲೇ ಹುಟ್ಟಿದ್ದು. ನೀವು ಮಾಡಿದ ಕೆಲಸವನ್ನು ನಿಮ್ಮ ನಂತರ ಒಬ್ಬರು ಕೈಗೆತ್ತಿಕೊಳ್ಳುತ್ತಾರೆ. ಎಷ್ಟೋ ಸಲ ಆ ಒಬ್ಬರು ಮೂರು ದಿನ ಬಿಟ್ಟು ಎಡಿಟ್ ಮಾಡಲು ಕೂತ ನೀವೇ ಆಗಿರುತ್ತೀರಿ.

ಸಾಮಾನು ತೆಗೆದುಕೊಳ್ಳುವಾಗ ಬ್ಯಾಗನ್ನು ನನ್ನ ಮುಂದೆಯೇ ಬಿಚ್ಚಿ ನೋಡಿ. ಹೊರಗೆ ಹೋಗಿ ಬಂದ ಮೇಲೆ ‘ಇದು ಮೊದಲೇ ಹೀಗಿತ್ತು ಮೇಡಂ’ ಅಂದರೆ ಪ್ರಯೋಜನ ಇಲ್ಲ, ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇರುತ್ತದೆ. ಲೆನ್ಸಿನ ಗಾಜನ್ನು ಎರಡೂ ಕಡೆ ನೋಡಿ. ಕ್ಯಾಮೆರಾ ಆನ್ ಮಾಡಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಪ್ಲೇ ಮಾಡಿ ನೋಡಿ, ಶಬ್ದ ಬಂದಿದೆಯಾ ಕೇಳಿ. ಆಮೇಲೆ ಟ್ರೈಪಾಡಿನ ಪ್ಲೇಟ್. ಕ್ಯಾಮೆರಾದ ಅಡಿಗೆ ಸ್ಕ್ರೂ ಹಾಕಿ ಕೂರಿಸುವ ಆ ಪುಟ್ಟ ಲೋಹದ ತುಂಡು ಇಲ್ಲದಿದ್ದರೆ ಇಡೀ ಟ್ರೈಪಾಡ್ ಬರೀ ಮೂರು ಕೋಲು. ಕ್ಯಾಮೆರಾ ವಾಪಸ್ ಕೊಡುವಾಗ ಪ್ಲೇಟ್ ಅದಕ್ಕೇ ಅಂಟಿಕೊಂಡು ಹೋಗುವುದು, ಮುಂದಿನ ಗುಂಪು ಲೊಕೇಶನ್ನಿಗೆ ಹೋಗಿ ತಲೆ ಚಚ್ಚಿಕೊಳ್ಳುವುದು, ಇದು ಪ್ರತಿ ವರ್ಷದ ಕಥೆ. ಕೆಲಸ ಮುಗಿದ ತಕ್ಷಣ ಪ್ಲೇಟ್ ಬಿಚ್ಚಿ ಟ್ರೈಪಾಡಿನ ತಲೆಗೇ ಸಿಕ್ಕಿಸಿ. ಜೇಬಿಗೆ ಬೇಡ.

ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಮುಖವಾಗಿ ಹಿಡಿಯಿರಿ. ಹಾಕಬೇಕಾದ ಲೆನ್ಸ್ ಮೊದಲೇ ಪಕ್ಕದಲ್ಲಿ ತಯಾರಿರಲಿ. ಒಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಧೂಳು ಕಂಡರೆ ಬೆರಳು ಹಾಕಬೇಡಿ. ಬಾಯಿಂದ ಊದಲೂ ಬೇಡಿ, ಉಗುಳಿನ ಹನಿ ಬಿದ್ದರೆ ಧೂಳಿಗಿಂತ ದೊಡ್ಡ ತಲೆನೋವು. ನನಗೆ ತಂದು ತೋರಿಸಿ. ಬ್ಯಾಟರಿ ಚಾರ್ಜ್ ಆದ ಮೇಲೆ ಅದಕ್ಕೆ ಹಸಿರು ಟೇಪಿನ ತುಂಡು ಅಂಟಿಸಿ, ಬಳಸಲು ಶುರು ಮಾಡಿದ ತಕ್ಷಣ ಟೇಪ್ ಕಿತ್ತುಹಾಕಿ. ಟೇಪ್ ಇಲ್ಲದ ಬ್ಯಾಟರಿ ಅಂದರೆ ಚಾರ್ಜ್ ಇಲ್ಲ ಅಂತಲೇ ಎಲ್ಲರೂ ತಿಳಿಯಬೇಕು.

ಕೇಬಲ್ ಸುತ್ತುವುದಕ್ಕೆ ಒಂದು ಇಡೀ ತರಗತಿ ಇಟ್ಟಿದ್ದೇನೆ. ನಗಬೇಡಿ. ಅಂಗೈಯಿಂದ ಮೊಣಕೈಗೆ ಬಿಗಿಯಾಗಿ ಸುತ್ತುವುದು ನಮ್ಮಲ್ಲಿ ನಿಷೇಧ. ಹಾಗೆ ಸುತ್ತಿದಾಗ ಪ್ರತಿ ಸುತ್ತಿಗೂ ಒಳಗಿನ ತಂತಿ ಒಂದೇ ದಿಕ್ಕಿಗೆ ತಿರುಚಿಕೊಳ್ಳುತ್ತಾ ಹೋಗುತ್ತದೆ. ಕೆಲವು ತಿಂಗಳಲ್ಲಿ ಕನೆಕ್ಟರ್ ಹತ್ತಿರ ಒಳಗೇ ಕಿತ್ತುಹೋಗುತ್ತದೆ. ಹೊರಗಿನಿಂದ ಕೇಬಲ್ ಚೆನ್ನಾಗಿಯೇ ಕಾಣುತ್ತದೆ, ರೆಕಾರ್ಡಿಂಗಿನಲ್ಲಿ ಮಾತ್ರ ಚಿರ್ ಚಿರ್ ಅನ್ನುತ್ತದೆ. ಸರಿಯಾದ ವಿಧಾನ ಹೀಗಿದೆ. ಎಡಗೈಯಲ್ಲಿ ಕೇಬಲಿನ ತುದಿ ಹಿಡಿಯಿರಿ. ಬಲಗೈಯಿಂದ ಒಂದು ಮಾರುದ್ದ ಎಳೆದು, ಮಾಮೂಲಿ ಸುತ್ತಿನ ಹಾಗೆ ಎಡಗೈಗೆ ಕೊಡಿ. ಎರಡನೇ ಸುತ್ತಿಗೆ ಬಲಗೈ ಹೆಬ್ಬೆರಳು ನಿಮ್ಮ ಕಡೆ ತಿರುಗುವಂತೆ ಮಣಿಕಟ್ಟು ತಿರುಗಿಸಿ, ಕೇಬಲ್ ಒಳಗಿನಿಂದ ಬರುವಂತೆ ಸುತ್ತು ಹಾಕಿ. ಮೂರನೆಯದು ಮತ್ತೆ ಮೊದಲಿನಂತೆ. ಒಂದು ಮೇಲಿಂದ, ಒಂದು ಕೆಳಗಿಂದ. ಒಂದು ಸುತ್ತಿನ ತಿರುಚನ್ನು ಮುಂದಿನ ಸುತ್ತು ಬಿಡಿಸುತ್ತದೆ. ಸರಿಯಾಗಿ ಸುತ್ತಿದ್ದರೆ ಒಂದು ತುದಿ ಹಿಡಿದು ಎಸೆದಾಗ ಇಡೀ ಕೇಬಲ್ ಗಂಟಿಲ್ಲದೆ ಬಿಚ್ಚಿಕೊಳ್ಳುತ್ತದೆ. ಪರೀಕ್ಷೆಯೂ ಅದೇ. ನೀವು ಸುತ್ತಿದ್ದನ್ನು ನಾನು ಎಸೆಯುತ್ತೇನೆ.

ಇನ್ನು ಕಾರ್ಡ್. ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ಬಿಗಿ.

ಮೊದಲು ಲೆಕ್ಕ. ನಮ್ಮ ಕ್ಯಾಮೆರಾಗಳಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡುತ್ತೇವೆ ಅಂದುಕೊಳ್ಳಿ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 12.5 ಮೆಗಾಬೈಟ್. ನಿಮಿಷಕ್ಕೆ 750. ಗಂಟೆಗೆ 45 ಗಿಗಾಬೈಟ್. 64 ಜಿಬಿ ಕಾರ್ಡಿನಲ್ಲಿ ಸುಮಾರು 80 ನಿಮಿಷ ಹಿಡಿಸುತ್ತದೆ. ಈ ಲೆಕ್ಕ ಶೂಟಿಂಗಿಗೆ ಹೊರಡುವ ಮುಂಚೆ ಕಾಗದದ ಮೇಲೆ ಆಗಿರಬೇಕು. ಸಂದರ್ಶನ ಕೊಡುತ್ತಿರುವವರು ಮುಖ್ಯವಾದ ಮಾತಿಗೆ ಬಂದಾಗ ‘ಕಾರ್ಡ್ ಫುಲ್’ ಅಂತ ಸ್ಕ್ರೀನಿನಲ್ಲಿ ಬರುವುದು ದುರದೃಷ್ಟದಿಂದ ಆಗುವುದಲ್ಲ, ಗುಣಾಕಾರ ಮಾಡದೆ ಇದ್ದದ್ದರಿಂದ ಆಗುವುದು. ಕಾರ್ಡಿನ ಮೇಲೆ ವಿ30 ಅಂತ ಇದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್‌ನಂತೆ ಬಿಡದೆ ಬರೆದುಕೊಳ್ಳುತ್ತದೆ ಅಂತ ಅರ್ಥ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಫೋನಿನಿಂದ ಬಿಚ್ಚಿದ ಹಳೇ ಕಾರ್ಡ್ ತರಬೇಡಿ.

ಶೂಟ್ ಆದ ಕಾರ್ಡನ್ನು ಹೊರಗೆ ತೆಗೆದ ಕ್ಷಣವೇ ಅದರ ಪಕ್ಕದ ಲಾಕ್ ಕೆಳಗೆ ಸರಿಸಿ, ಕೆಂಪು ಟೇಪ್ ಹಚ್ಚಿ. ಕಾಪಿ ಮಾಡುವಾಗ ಒಳಗಿನ ಕ್ಲಿಪ್‌ಗಳನ್ನು ಆರಿಸಿ ಎಳೆಯಬೇಡಿ. ಕಾರ್ಡಿನ ಇಡೀ ಫೋಲ್ಡರ್ ರಚನೆಯನ್ನು ಹೇಗಿದೆಯೋ ಹಾಗೇ ತನ್ನಿ. ಎಷ್ಟೋ ಕ್ಯಾಮೆರಾಗಳು ಒಂದೇ ಕ್ಲಿಪ್ಪಿನ ಮಾಹಿತಿಯನ್ನು ಬೇರೆ ಬೇರೆ ಫೋಲ್ಡರಿನಲ್ಲಿ ಇಡುತ್ತವೆ. ಫ್ಯಾಟ್32 ಅನ್ನುವ ಫೈಲ್ ವ್ಯವಸ್ಥೆ ಇರುವ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಆದ್ದರಿಂದ ಉದ್ದದ ಸಂದರ್ಶನ ತುಂಡು ತುಂಡಾಗಿ ಕೂತಿರುತ್ತದೆ. ಒಂದು ತುಂಡು ಬಿಟ್ಟುಹೋದರೂ ಗೊತ್ತಾಗುವುದು ಎಡಿಟ್ ಮಾಡುವಾಗಲೇ. ಎರಡು ಡ್ರೈವಿಗೆ ಕಾಪಿ ಆಗಬೇಕು. ಎರಡರಲ್ಲೂ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಕಾರ್ಡಿನ ಜೊತೆ ತಾಳೆಯಾಗಬೇಕು. ಶುರುವಿನ, ಮಧ್ಯದ, ಕೊನೆಯ ಕ್ಲಿಪ್ ಪ್ಲೇ ಮಾಡಿ ನೋಡಬೇಕು. ಆಮೇಲೆ ಮಾತ್ರ ಕೆಂಪು ಟೇಪ್ ಕಿತ್ತು, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರಿನಲ್ಲಿ ಡಿಲೀಟ್ ಒತ್ತಿ ‘ಖಾಲಿ ಮಾಡಿದೆ’ ಅನ್ನಬೇಡಿ.

ಆ ಎರಡು ಡ್ರೈವುಗಳನ್ನು ಒಂದೇ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುವವರೂ ಇದ್ದಾರೆ. ಬ್ಯಾಗ್ ಕಳೆದರೆ ಎರಡೂ ಹೋಯಿತು. ಒಂದು ನಿಮ್ಮಲ್ಲಿ, ಒಂದು ಗುಂಪಿನ ಇನ್ನೊಬ್ಬರ ಮನೆಯಲ್ಲಿ ಇರಲಿ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ತರಗತಿಯಲ್ಲಿ ಕೈಯಲ್ಲಿ ಹಿಡಿದೇ ಕಲಿಯೋಣ. ಆದರೆ ಎರಡು ಕ್ಯಾಮೆರಾ ಇದ್ದರೆ ಎರಡರಲ್ಲೂ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಶಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು), ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವುದು) ಒಂದೇ ಇರಬೇಕು, ಅದನ್ನು ಶೂಟಿಂಗಿನ ಹಿಂದಿನ ದಿನವೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಶಟರಿನ ಕೆಳಗಿನ ಅಂಕಿ ಫ್ರೇಮ್ ರೇಟಿನ ಎರಡರಷ್ಟು ಅಂತ ಇಟ್ಟುಕೊಳ್ಳಿ. 25 ಫ್ರೇಮಿಗೆ 1/50 ಸೆಕೆಂಡ್. ಆಗ ಕೈಕಾಲಿನ ಚಲನೆ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಹೊರಗೆ ಬಿಸಿಲು ಜಾಸ್ತಿ ಅಂತ ಶಟರನ್ನು 1/2000ಕ್ಕೆ ಏರಿಸಬೇಡಿ, ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ. ಒಳಾಂಗಣದಲ್ಲಿ ಚಿತ್ರ ಮಿಣಮಿಣ ಅಂದರೆ ದೀಪದ ಕಡೆ ನೋಡಿ. ಕರೆಂಟ್ 50 ಹರ್ಟ್ಸ್ ಇರುವ ಕಡೆ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ, 60 ಹರ್ಟ್ಸ್ ಇರುವ ಕಡೆ 120 ಸಲ. ಮೊದಲನೆಯದಕ್ಕೆ 1/50 ಅಥವಾ 1/100, ಎರಡನೆಯದಕ್ಕೆ 1/60 ಅಥವಾ 1/120 ಇಟ್ಟರೆ ಸಾಮಾನ್ಯವಾಗಿ ಮಿಣುಕು ನಿಲ್ಲುತ್ತದೆ.

ಆಟೋ ವೈಟ್ ಬ್ಯಾಲೆನ್ಸ್ ಆಫ್ ಮಾಡಿ. ಹಳದಿ ಬಲ್ಬಿಗೆ 3200 ಕೆಲ್ವಿನ್, ಹಗಲಿಗೆ 5600 ಅಂತ ಶುರುಮಾಡಿ. ಆಟೋದಲ್ಲಿ ಬಿಟ್ಟರೆ ಕೆಂಪು ಅಂಗಿಯವರು ಹಿಂದೆ ಹಾದುಹೋದರೂ ಕ್ಯಾಮೆರಾ ಗಲಿಬಿಲಿಗೊಂಡು ಮಾತಾಡುತ್ತಿರುವವರ ಮುಖದ ಬಣ್ಣ ಬದಲಿಸಿಬಿಡುತ್ತದೆ. ಒಂದೇ ಶಾಟಿನ ಒಳಗೆ ಬಣ್ಣ ಜಾರಿದರೆ ಎಡಿಟಿಂಗಿನಲ್ಲಿ ಸರಿಮಾಡುವುದು ನರಕ.

ಫೋನಿನಲ್ಲಿ ಶೂಟ್ ಮಾಡುವವರಿಗೆ: ಲೆನ್ಸ್ ಒರೆಸಿ, ಏರೋಪ್ಲೇನ್ ಮೋಡ್ ಹಾಕಿ, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ) ಮತ್ತು ಫೋಕಸ್ ಲಾಕ್ ಮಾಡಿ. ಎಷ್ಟೋ ಫೋನುಗಳಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೆಳಕು ಕಮ್ಮಿಯಾದರೆ ಅದೂ ಇಳಿಯುತ್ತದೆ. ಬೇರೆ ರೆಕಾರ್ಡರಿನಲ್ಲಿ ಹಿಡಿದ ಶಬ್ದದ ಜೊತೆ ಅದನ್ನು ಜೋಡಿಸಿದಾಗ ಶುರುವಿನಲ್ಲಿ ತುಟಿ ಮಾತು ಸರಿಯಾಗಿ ಕೂಡಿ, ಹತ್ತು ನಿಮಿಷಕ್ಕೆ ಬೇರೆಯಾಗಿರುತ್ತದೆ. ಫ್ರೇಮ್ ರೇಟ್ ಲಾಕ್ ಮಾಡುವ ಆ್ಯಪ್ ಬಳಸಿ.

ಈಗ ನನ್ನ ಇಷ್ಟದ ವಿಷಯ, ಶಬ್ದ.

ಹೆಡ್‌ಫೋನ್ ಹಾಕಿಕೊಳ್ಳದವರು ರೆಕಾರ್ಡ್ ಬಟನ್ ಒತ್ತುವಂತಿಲ್ಲ. ‘ಮೀಟರ್ ಕುಣೀತಿತ್ತು ಮೇಡಂ, ಶಬ್ದ ಬರ್ತಿದೆ ಅಂದುಕೊಂಡೆ’ ಅನ್ನುವ ಮಾತನ್ನು ನಾನು ಕೇಳಿ ಕೇಳಿ ಸುಸ್ತಾಗಿದ್ದೇನೆ. ಶಬ್ದದ ಮಟ್ಟ ತೋರಿಸುವ ಆ ಮೀಟರಿಗೆ ಮಾತೂ ಒಂದೇ, ಸೀರೆ ಸೆರಗು ಮೈಕಿಗೆ ಉಜ್ಜುವುದೂ ಒಂದೇ. ಎರಡಕ್ಕೂ ಅದು ಕುಣಿಯುತ್ತದೆ. ಕಿವಿ ಇರುವುದು ನಿಮಗೆ. ಮಾತಿನ ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇರಲಿ. ಯಾರಾದರೂ ಜೋರಾಗಿ ನಕ್ಕರೂ ಮೀಟರಿನ ತುದಿಯಲ್ಲಿರುವ ಸೊನ್ನೆ ಮುಟ್ಟಬಾರದು. ಸೊನ್ನೆ ದಾಟಿ ಒಡೆದ ಶಬ್ದವನ್ನು ಆಮೇಲೆ ಎಷ್ಟು ತಗ್ಗಿಸಿದರೂ ಅದು ಒಡೆದೇ ಇರುತ್ತದೆ. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ತೀರಾ ಜೋರಿನ, ತೀರಾ ಮೆಲ್ಲನೆಯ ಶಬ್ದವನ್ನೂ ಒಟ್ಟಿಗೆ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದ ಮೇಲೆ ಲೆವೆಲ್ ಚಿಂತೆಯೇ ಇಲ್ಲ ಅನ್ನುವವರಿದ್ದಾರೆ. ಲೆವೆಲ್ ಚಿಂತೆ ಹೋಯಿತು, ಸರಿ. ಮೈಕ್ ದೂರ ಇಟ್ಟಾಗ ಬರುವ ಗೋಡೆಯ ಪ್ರತಿಧ್ವನಿ ಎಲ್ಲಿಗೆ ಹೋಗುತ್ತದೆ?

ಮೈಕ್ ಹತ್ತಿರ ತನ್ನಿ. ಇನ್ನೂ ಹತ್ತಿರ. ಮೈಕಿನ ದೂರ ಎರಡರಷ್ಟಾದರೆ ನೇರ ಬರುವ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಗದ್ದಲ ಮಾತ್ರ ಇದ್ದ ಹಾಗೇ ಇರುತ್ತದೆ. ನೀವು ಗೇನ್ (ಮೈಕಿನ ಶಬ್ದವನ್ನು ಹಿಗ್ಗಿಸುವ ಸೆಟ್ಟಿಂಗ್) ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಬೂಮ್ (ಮೈಕ್ ಕಟ್ಟಿದ ಉದ್ದ ಕೋಲು) ಹಿಡಿದವರ ಮೈಕ್ ಫ್ರೇಮಿನ ಅಂಚಿಗೆ ಬರುವವರೆಗೂ ಇಳಿಯಬೇಕು. ಕ್ಯಾಮೆರಾದವರು ‘ಕಾಣಿಸ್ತಿದೆ’ ಅಂದ ಮೇಲೆ ನಾಲ್ಕು ಬೆರಳು ಮೇಲೆತ್ತಿ, ಅದೇ ಸರಿಯಾದ ಜಾಗ. ಕಾಲರ್ ಮೈಕ್ ಆದರೆ ಗಲ್ಲದಿಂದ ಒಂದು ಗೇಣು ಕೆಳಗೆ. ಸರ, ಐಡಿ ಕಾರ್ಡ್, ದುಪಟ್ಟಾ ಅದಕ್ಕೆ ತಾಗುತ್ತವೆಯಾ ನೋಡಿ. ವೈರನ್ನು ಮೈಕಿನ ಹತ್ತಿರವೇ ಒಂದು ಪುಟ್ಟ ಸುತ್ತು ಮಾಡಿ ಬಟ್ಟೆಯ ಒಳಗೆ ಟೇಪ್ ಹಾಕಿ. ಕೂತವರು ಅಲುಗಾಡಿದಾಗ ಎಳೆತ ಆ ಸುತ್ತಿಗೆ ಬೀಳುತ್ತದೆ, ಮೈಕಿಗೆ ಬೀಳುವುದಿಲ್ಲ. ಬೇರೆಯವರ ಮೈಗೆ ಮೈಕ್ ಹಾಕುವ ಮುಂಚೆ ಕೇಳಿ, ಹೇಗೆ ಹಾಕಿಕೊಳ್ಳಬೇಕು ಅಂತ ಹೇಳಿಕೊಡಿ. ಹೆಚ್ಚಿನವರು ತಾವೇ ಹಾಕಿಕೊಳ್ಳುತ್ತಾರೆ.

ಕೋಣೆಗೆ ಹೋದ ಕೂಡಲೇ ಎಲ್ಲರೂ ಒಂದು ನಿಮಿಷ ಬಾಯಿ ಮುಚ್ಚಿ ನಿಲ್ಲಿ. ಆಗ ಕೇಳುತ್ತದೆ: ಫ್ಯಾನ್, ಎಸಿ, ಗೋಡೆ ಗಡಿಯಾರ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ, ಅಡುಗೆಮನೆಯಲ್ಲಿ ಫ್ರಿಜ್. ಒಂದೊಂದನ್ನೇ ಕೇಳಿ ಆಫ್ ಮಾಡಿಸಿ. ಫ್ರಿಜ್ ಆಫ್ ಮಾಡಿದರೆ ಗಾಡಿ ಕೀಲಿಯನ್ನು ಅದರೊಳಗೆ ಇಡಿ. ಮನೆಯವರ ಫ್ರಿಜ್ ಆನ್ ಮಾಡದೆ ನೀವು ಹೊರಡುವ ಹಾಗೇ ಇಲ್ಲ. ಶಬ್ದದ ಕೆಲಸ ಮಾಡುವವರಲ್ಲಿ ಇದು ಹಳೆಯ ಉಪಾಯ, ನನ್ನದೇನೂ ಅಲ್ಲ.

ಸೌಂಡ್ ನೋಡಿಕೊಳ್ಳುವವರಿಗೆ ನಮ್ಮ ತರಗತಿಯಲ್ಲಿ ಒಂದು ಅಧಿಕಾರ ಇದೆ. ಅವರು ಯಾವ ಶಾಟನ್ನೂ ನಿಲ್ಲಿಸಬಹುದು, ನಾನು ನಿರ್ದೇಶಿಸುತ್ತಿದ್ದರೂ ಸರಿ. ಹಿಂದಿನ ಬ್ಯಾಚಿನ ಒಂದು ಗುಂಪು ನಿವೃತ್ತ ಶಿಕ್ಷಕಿಯೊಬ್ಬರ ಸಂದರ್ಶನ ಮಾಡುತ್ತಿತ್ತು. ಅವರು ತಮ್ಮ ಮೊದಲ ಶಾಲೆಯ ಬಗ್ಗೆ ಹೇಳುತ್ತಾ ಸ್ವಲ್ಪ ಭಾವುಕರಾಗಿದ್ದರು. ಅಷ್ಟರಲ್ಲಿ ಪಕ್ಕದಲ್ಲೆಲ್ಲೋ ನೀರಿನ ಪಂಪ್ ಶುರುವಾಯಿತು. ಹೆಡ್‌ಫೋನ್ ಹಾಕಿದ್ದ ಹುಡುಗಿ ಕೈ ಎತ್ತಿದಳು. ಗುಂಪಿನವರೆಲ್ಲ ಅವಳನ್ನು ತಿನ್ನುವ ಹಾಗೆ ನೋಡಿದರು. ಅವಳು ಕೈ ಇಳಿಸಲಿಲ್ಲ. ಶಿಕ್ಷಕಿಯ ಹತ್ತಿರ ಹೋಗಿ ಮೆಲ್ಲಗೆ ಕ್ಷಮೆ ಕೇಳಿ, ಹೆಡ್‌ಫೋನನ್ನು ಅವರ ಕಿವಿಗೇ ಇಟ್ಟು ಪಂಪಿನ ಸದ್ದು ಕೇಳಿಸಿದಳು. ಅವರಿಗೆ ನಗು ಬಂತು. ಪಂಪ್ ನಿಂತ ಮೇಲೆ ಅದೇ ಮಾತನ್ನು ಮತ್ತೆ ಹೇಳಿದರು, ಈ ಸಲ ಮೊದಲು ಹೇಳದೇ ಇದ್ದ ಒಬ್ಬ ವಿದ್ಯಾರ್ಥಿಯ ಕಥೆಯನ್ನೂ ಸೇರಿಸಿ. ಕೊನೆಯ ಚಿತ್ರದಲ್ಲಿ ಉಳಿದದ್ದು ಆ ಎರಡನೇ ಸಲದ್ದೇ.

ಸಂದರ್ಶನ ಮುಗಿದ ಮೇಲೆ ಯಾರೂ ಎದ್ದು ಓಡಬೇಡಿ. ಎಲ್ಲರೂ ಇದ್ದಲ್ಲೇ ಕೂತು ಒಂದು ನಿಮಿಷ ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಿ. ರೂಮ್ ಟೋನ್ ಅನ್ನುವುದು ಇದಕ್ಕೇ. ಎಡಿಟಿಂಗಿನಲ್ಲಿ ಎರಡು ವಾಕ್ಯದ ನಡುವೆ ಒಂದು ಕೆಮ್ಮು ತೆಗೆದರೆ ಅಲ್ಲಿ ಪೂರ್ತಿ ನಿಶ್ಶಬ್ದ ಬರುತ್ತದೆ, ಕೇಳುವವರಿಗೆ ಸ್ಪೀಕರೇ ಕೆಟ್ಟಿತೇನೋ ಅನಿಸುತ್ತದೆ. ಆ ಸಂದಿಗೆ ಇದನ್ನು ತುಂಬುತ್ತೇವೆ. ಕ್ಲ್ಯಾಪ್ ಬೋರ್ಡ್ ಇಲ್ಲದಿದ್ದರೆ ಕೈಯಿಂದ ಚಪ್ಪಾಳೆ ಸಾಕು, ಆದರೆ ಕ್ಯಾಮೆರಾಗೆ ಕಾಣುವ ಹಾಗೆ, ಒಂದೇ ಸಲ, ಸೀನ್ ಮತ್ತು ಟೇಕ್ ನಂಬರ್ ಜೋರಾಗಿ ಹೇಳಿ. ಅಂಗೈಗಳು ಕೂಡಿದ ಫ್ರೇಮಿಗೆ ಶಬ್ದದ ಗೆರೆಯಲ್ಲಿ ಎದ್ದ ಮೊನೆಯನ್ನು ಹೊಂದಿಸಿದರೆ ಜೋಡಣೆ ಮುಗಿಯಿತು.

ಸೌಂಡ್ ನೋಡಿಕೊಳ್ಳುವವರ ಆ ಅಧಿಕಾರ ಬಿಟ್ಟರೆ, ‘ಕಟ್’ ಅನ್ನುವುದು ನಿರ್ದೇಶಕರ ಹಕ್ಕು. ನಟರು ಮಾತು ಮರೆತರು ಅಂತ ಕ್ಯಾಮೆರಾದವರೇ ನಿಲ್ಲಿಸುವ ಹಾಗಿಲ್ಲ. ‘ಕಟ್’ ಕೇಳಿದ ಮೇಲೂ ಮನಸ್ಸಿನಲ್ಲಿ ಐದು ಎಣಿಸಿ ನಿಲ್ಲಿಸಿ.

ಶಾಟ್ ಬಗ್ಗೆ ಒಂದೇ ಒಂದು ಕಟ್ಟುನಿಟ್ಟು ಇದೆ. ಮೊದಲ ಅಭ್ಯಾಸದಲ್ಲಿ ಪ್ಯಾನ್ (ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವುದು) ಇಲ್ಲ, ಝೂಮ್ ಇಲ್ಲ, ಎಡಿಟಿಂಗ್ ಇಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ, ಒಂದೇ ಶಾಟ್, 50 ಸೆಕೆಂಡ್. 1895ರಲ್ಲಿ ಸಿನಿಮಾದ ಮೊದಲಿಗರಲ್ಲಿ ಸೇರುವ ಫ್ರಾನ್ಸಿನ ಲೂಮಿಯೇರ್ ಸೋದರರು ತೆಗೆದ ಚಿತ್ರಗಳು ಹೆಚ್ಚುಕಮ್ಮಿ ಅಷ್ಟೇ ಉದ್ದ. ಅವರ ಕ್ಯಾಮೆರಾದಲ್ಲಿ ಹಿಡಿಸುತ್ತಿದ್ದ ಫಿಲ್ಮೇ ಸುಮಾರು 17 ಮೀಟರ್. 50 ಸೆಕೆಂಡ್ ಅಂದರೆ ಏನು ಮಹಾ ಅನಿಸುತ್ತದೆ. ಬಾಗಿಲೊಂದರ ಮುಂದೆ ಕ್ಯಾಮೆರಾ ಇಟ್ಟು ಕಾಯಿರಿ. ಇಪ್ಪತ್ತನೇ ಸೆಕೆಂಡಿಗೆ ಬೇಸರ ಬರುತ್ತದೆ. ಮೂವತ್ತನೇ ಸೆಕೆಂಡಿಗೆ ಫ್ರೇಮಿನ ಎಡ ಮೂಲೆಯಲ್ಲಿ ಚಪ್ಪಲಿ ಜೋಡಿಸುತ್ತಿರುವ ಮಗು ಕಣ್ಣಿಗೆ ಬೀಳುತ್ತದೆ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು, ಯಾವಾಗ ಶುರು ಮಾಡಬೇಕು, ಇಷ್ಟರಲ್ಲೇ ನಿಮ್ಮ ನಿರ್ದೇಶನ ಇರುತ್ತದೆ.

ಆಮೇಲಿನ ಅಭ್ಯಾಸಗಳಿಗೆ: ಪ್ರತಿ ಶಾಟ್ ಕನಿಷ್ಠ ಹತ್ತು ಸೆಕೆಂಡ್ ಅಲುಗದೆ ಹಿಡಿಯಿರಿ. ಇಬ್ಬರು ಮಾತಾಡುತ್ತಿದ್ದರೆ ಮನಸ್ಸಿನಲ್ಲೇ ಒಬ್ಬರಿಂದ ಇನ್ನೊಬ್ಬರಿಗೆ ಒಂದು ಗೆರೆ ಎಳೆದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಬದಿಯಲ್ಲಿ ಇಡಿ, ಇಲ್ಲದಿದ್ದರೆ ಇಬ್ಬರೂ ಒಂದೇ ಕಡೆ ನೋಡುತ್ತಾ ಮಾತಾಡುತ್ತಾರೆ. ಕೈ, ಕಿಟಕಿ, ಮೇಜಿನ ಮೇಲಿನ ಪುಸ್ತಕ, ಇಂಥ ಬಿಡಿ ಶಾಟುಗಳನ್ನು ಸಾಕು ಅನಿಸಿದ ಮೇಲೂ ಇನ್ನಷ್ಟು ತೆಗೆಯಿರಿ. ಟ್ರೈಪಾಡಿನ ಒಂದು ಕಾಲು ವಿಷಯದ ಕಡೆ ಮುಖ ಮಾಡಿರಲಿ, ಆಗ ನಿಮಗೆ ನಿಲ್ಲಲು ಎರಡು ಕಾಲಿನ ನಡುವೆ ಜಾಗ ಸಿಗುತ್ತದೆ.

ಸಂದರ್ಶನದಲ್ಲಿ ಪ್ರಶ್ನೆ ಕೇಳುವವರು ಕ್ಯಾಮೆರಾದ ಪಕ್ಕಕ್ಕೇ, ಲೆನ್ಸಿನ ಎತ್ತರಕ್ಕೇ ಕೂರಬೇಕು. ಎದುರಿನವರು ಮಾತಾಡುವಾಗ ‘ಹೂಂ, ಹೂಂ’ ಅನ್ನಬೇಡಿ. ಹೂಂಗುಟ್ಟುವುದು ನಮಗೆ ಚಿಕ್ಕಂದಿನಿಂದ ಬಂದ ಮರ್ಯಾದೆ, ಬಿಡುವುದು ಕಷ್ಟ. ಆದರೂ ತಲೆ ಆಡಿಸಿ ಸಾಕು. ಉತ್ತರ ಮುಗಿದ ಹಾಗೆ ಕಂಡಾಗ ತಕ್ಷಣ ಮುಂದಿನ ಪ್ರಶ್ನೆ ಎಸೆಯಬೇಡಿ. ಎರಡು ಉಸಿರಿನಷ್ಟು ಹೊತ್ತು ಅವರ ಮುಖ ನೋಡುತ್ತಾ ಸುಮ್ಮನಿರಿ. ಆ ಮೌನ ತುಂಬಲು ಅವರೇ ಮಾತಾಡುತ್ತಾರೆ, ಒಳ್ಳೆಯ ಮಾತು ಬರುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಪ್ರಶ್ನೆ ಚಿತ್ರದಲ್ಲಿ ಇರುವುದಿಲ್ಲ, ಆದ್ದರಿಂದ ಉತ್ತರದಲ್ಲಿ ಪ್ರಶ್ನೆಯನ್ನೂ ಸೇರಿಸಿ ಹೇಳಲು ಮೊದಲೇ ಕೇಳಿಕೊಳ್ಳಿ. ಒಪ್ಪಿಗೆ ಪತ್ರಕ್ಕೆ ಸಹಿ ಕ್ಯಾಮೆರಾ ಆನ್ ಆಗುವ ಮುಂಚೆ ಆಗಬೇಕು. ಮಕ್ಕಳಾದರೆ ತಂದೆ ತಾಯಿಯ ಸಹಿ. ಸಹಿ ಹಾಕಿದ ಮೇಲೂ ಅವರು ‘ಇದೊಂದು ಮಾತು ಬೇಡ’ ಅಂದರೆ ತೆಗೆದುಬಿಡಿ. ಅದಿಲ್ಲದೆಯೂ ನಿಮ್ಮ ಚಿತ್ರ ನಿಲ್ಲುತ್ತದೆ.

ಸುರಕ್ಷತೆಗೆ ಚರ್ಚೆ ಇಲ್ಲ. ಲೈಟ್ ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇರಲೇಬೇಕು. ಜನ ಓಡಾಡುವ ಕಡೆ ಕೇಬಲಿಗೆ ಟೇಪ್. ಹ್ಯಾಲೋಜನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಒಡೆಯಬಹುದು. ಕ್ಯಾಮೆರಾ ಹಿಡಿದು ಹಿಂದಕ್ಕೆ ನಡೆಯುವವರ ಬೆನ್ನ ಹಿಂದೆ ಒಬ್ಬರು ಭುಜ ಹಿಡಿದು ಬರಬೇಕು. ಮಹಡಿಯ ಅಂಚು, ರಸ್ತೆಯ ಮಧ್ಯ, ರೈಲು ಹಳಿ, ಇಲ್ಲಿ ತೆಗೆದ ಶಾಟ್ ಎಷ್ಟೇ ಚೆನ್ನಾಗಿದ್ದರೂ ನಾನು ನೋಡುವುದಿಲ್ಲ, ಮಾರ್ಕ್ಸ್ ಕೊಡುವುದಿಲ್ಲ.

ಎಡಿಟಿಂಗಿಗೆ ಕೂರುವ ಮುಂಚೆ ಫೋಲ್ಡರುಗಳು ತಯಾರಿರಲಿ: ವಿಡಿಯೋ, ಆಡಿಯೋ, ಸಂಗೀತ, ಗ್ರಾಫಿಕ್ಸ್, ಪ್ರಾಜೆಕ್ಟ್, ಎಕ್ಸ್‌ಪೋರ್ಟ್. ಒಮ್ಮೆ ಇಂಪೋರ್ಟ್ ಆದ ಮೇಲೆ ಫೈಲುಗಳ ಹೆಸರನ್ನೂ ಜಾಗವನ್ನೂ ಮುಟ್ಟಬೇಡಿ, ಮುಟ್ಟಿದರೆ ಸಾಫ್ಟ್‌ವೇರ್ ಅವುಗಳನ್ನು ಹುಡುಕಲಾರದೆ ‘ಮೀಡಿಯಾ ಆಫ್‌ಲೈನ್’ ಅಂತ ಕೂರುತ್ತದೆ. ಪ್ರಾಜೆಕ್ಟ್ ಹೆಸರಿನಲ್ಲಿ ‘ಫೈನಲ್’ ಅನ್ನುವ ಪದವೇ ಬೇಡ. ‘ಫೈನಲ್ ನಿಜವಾದ ಫೈನಲ್ 3’ ನೋಡಿದ್ದೇನೆ, ಅದಕ್ಕಿಂತ ಹೊಸದು ‘ಫೈನಲ್ ಹೊಸದು’ ಆಗಿತ್ತು. ತಾರೀಖು ಹಾಕಿ, ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ಆವೃತ್ತಿ ಸಂಖ್ಯೆ. ಆಗ ಕಂಪ್ಯೂಟರ್ ತಾನೇ ಸಾಲಾಗಿ ನಿಲ್ಲಿಸುತ್ತದೆ.

ಕತ್ತರಿಸಲು ಶುರು ಮಾಡುವ ಮುಂಚೆ ಎಲ್ಲ ಫುಟೇಜ್ ಒಮ್ಮೆ ನೋಡಿ. ಪೆನ್ನು ಹಿಡಿದು ನೋಡಿ. ಮೊದಲ ಜೋಡಣೆಗೆ ಸಂಗೀತ ಹಾಕಬೇಡಿ. ಸಂಗೀತ ಬಂದ ಕೂಡಲೇ ದುರ್ಬಲ ಸೀನೂ ಚೆನ್ನಾಗಿದೆ ಅನಿಸತೊಡಗುತ್ತದೆ, ಆ ಮೋಸಕ್ಕೆ ಮೊದಲು ಬೀಳುವವರು ನೀವೇ. ‘30 ಸೆಕೆಂಡಿಗಿಂತ ಕಮ್ಮಿ ಬಳಸಿದರೆ ಕಾಪಿರೈಟ್ ಇಲ್ಲ’ ಅನ್ನುವುದು ಬರೀ ವದಂತಿ, ಅಂಥ ನಿಯಮ ಇಲ್ಲ. ಕ್ರಿಯೇಟಿವ್ ಕಾಮನ್ಸ್ ಸಂಗೀತ (ಕೆಲವು ಷರತ್ತಿನ ಮೇಲೆ ಎಲ್ಲರೂ ಬಳಸಲು ಬಿಟ್ಟದ್ದು) ಬಳಸುವುದಾದರೆ ಪರವಾನಗಿ ಓದಿ. ಬಿವೈ ಇದ್ದರೆ ಹೆಸರು ಹಾಕಬೇಕು. ಎನ್‌ಸಿ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎನ್‌ಡಿ (ಇದು ಫಿಲ್ಟರ್ ಅಲ್ಲ, ಬದಲಾವಣೆ ಕೂಡದು ಅಂತ ಅರ್ಥ) ಇದ್ದರೆ ನಮ್ಮ ಕೆಲಸಕ್ಕೆ ಆಗುವುದೇ ಇಲ್ಲ, ಹಾಡನ್ನು ದೃಶ್ಯಕ್ಕೆ ಹೊಂದಿಸಿ ಹಾಕುವುದನ್ನೂ ಆ ಪರವಾನಗಿಗಳು ಬದಲಾವಣೆ ಅಂತಲೇ ಲೆಕ್ಕ ಹಾಕುತ್ತವೆ.

ಸಲ್ಲಿಸುವ ಹಿಂದಿನ ದಿನ ಎಕ್ಸ್‌ಪೋರ್ಟ್ ಮಾಡಿ. ಎಕ್ಸ್‌ಪೋರ್ಟ್ ಆದ ಫೈಲನ್ನು ಶುರುವಿನಿಂದ ಕೊನೆಯವರೆಗೆ ನೋಡಿ, ಒಮ್ಮೆ ಹೆಡ್‌ಫೋನಿನಲ್ಲಿ, ಒಮ್ಮೆ ಫೋನಿನ ಸ್ಪೀಕರಿನಲ್ಲಿ. ಟೈಮ್‌ಲೈನಿನಲ್ಲಿ ಎಲ್ಲ ಸರಿ ಇದ್ದು, ಫೈಲಿನ ಕೊನೆಯಲ್ಲಿ ಎರಡು ನಿಮಿಷ ಕಪ್ಪು ಪರದೆ ಬಂದಿರುವುದು ಅಪರೂಪ ಏನಲ್ಲ.

ಪ್ರದರ್ಶನದ ದಿನ ಚಿತ್ರ ಮಾಡಿದವರು ಬಾಯಿ ಬಿಡುವಂತಿಲ್ಲ. ‘ಅವತ್ತು ಮಳೆ ಬಂತು’, ‘ನಟ ಕೈಕೊಟ್ಟ’, ಇದ್ಯಾವುದೂ ಪರದೆಯ ಮೇಲೆ ಬರೆದಿರುವುದಿಲ್ಲ, ಹಾಗಾಗಿ ತರಗತಿಯಲ್ಲೂ ಬೇಡ. ನೋಡಿದವರು ತಮಗೆ ಏನು ಕಂಡಿತು, ಎಲ್ಲಿ ಗಮನ ಜಾರಿತು ಅಂತ ಹೇಳಲಿ. ‘ಚೆನ್ನಾಗಿದೆ’, ‘ಸೂಪರ್’ ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ, ಅದನ್ನು ಕ್ಯಾಂಟೀನಿನಲ್ಲಿ ಹೇಳಿಕೊಳ್ಳಿ. ಯಾವ ಶಾಟ್, ಯಾಕೆ, ಅಷ್ಟನ್ನು ಹೇಳಿ. ಮಾಡಿದವರು ಬರೆದುಕೊಳ್ಳಲಿ.

ಮೊದಲ ತರಗತಿಗೆ ತರಬೇಕಾದ್ದು: ವೈರ್ ಇರುವ ಹೆಡ್‌ಫೋನ್ (ಬ್ಲೂಟೂತ್ ಬೇಡ, ಶಬ್ದ ತಡವಾಗಿ ಬರುತ್ತದೆ), ಪೆನ್ನು, ನೋಟ್‌ಬುಕ್, ಬೆರಳು ಮುಚ್ಚುವ ಶೂ. ಸರಸರ ಸದ್ದು ಮಾಡುವ ಜಾಕೆಟ್ ಹಾಕಿಕೊಂಡು ಬರಬೇಡಿ. ಹೆಡ್‌ಫೋನ್ ಮರೆತವರು ಆ ದಿನ ಪೂರ್ತಿ ಕೇಬಲ್ ಸುತ್ತುತ್ತಾರೆ.